ಸಲ್ವಾದ ಬೆಳಗು, ಹಕ್ಕಿ ಲೆಕ್ಕ

ವಾರದಲ್ಲಿ ಆರು ದಿನ ನಮ್ಮನ್ನು ಎಬ್ಬಿಸುವುದು ಡ್ಯೂಟಿ. ಶುಕ್ರವಾರ ಮಾತ್ರ ಹಕ್ಕಿಗಳು. ಮಸೀದಿಯ ಬಾಂಗ್ ಮುಗಿದು ಬೆಳಕು ಮೂಡುವ ಹೊತ್ತಿಗೆ ಸಲ್ವಾದ ಒಂದೇ ಫ್ಲಾಟಿನ ನಾವು ನಾಲ್ವರು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೊರಡುತ್ತಿದ್ದೆವು. ಇಬ್ಬರು ಡ್ರೈವರುಗಳು, ಒಬ್ಬರು ಎ.ಸಿ. ಮೆಕ್ಯಾನಿಕ್, ಇನ್ನೊಬ್ಬರು ಅಂಗಡಿಯ ಲೆಕ್ಕ ಬರೆಯುವವರು. ಕಂಡ ಹಕ್ಕಿಗಳನ್ನು ಬರೆದಿಡುವ ಪುಸ್ತಕವೂ ಅವರ ಬಳಿಯೇ ಇತ್ತು.

ಮೊದಲು ಬೀದಿಯ ಖರ್ಜೂರ, ಬೋರೆ ಮರಗಳು. ಗುಬ್ಬಚ್ಚಿ, ಬೆಳವ, ಬಿಳಿ ಕೆನ್ನೆಯ ಪಿಕಳಾರ ಅಲ್ಲಿ ಸಿಗುತ್ತವೆ. ಊರಿನ ಗೊರವಂಕ, ಕೆಂಪು ಕೊಕ್ಕಿನ ಗಿಳಿಗಳೂ ಉಂಟು. ಇವೆರಡೂ ಕುವೈತಿನ ಮೂಲ ಹಕ್ಕಿಗಳಲ್ಲ. ಸಾಕಲು ತಂದವು ಪಂಜರ ತಪ್ಪಿಸಿಕೊಂಡು ಇಲ್ಲೇ ಸಂಸಾರ ಹೂಡಿವೆ. ಇವಕ್ಕೆ ಇಕಾಮಾದ ಚಿಂತೆಯಿಲ್ಲ ಎಂದು ನಾವು ನಗುತ್ತಿದ್ದೆವು.

ಆಮೇಲೆ ಕಡಲ ದಂಡೆ. ಚಳಿಗಾಲವಾದರೆ ಕಡಲಹಕ್ಕಿಗಳ ದೊಡ್ಡ ಹಿಂಡು. ಕಲ್ಲಿನ ಮೇಲೆ ಮೀನಿಗಾಗಿ ಕಾಯುವ ಬೂದು ಬಕ ನಮ್ಮ ಕರಾವಳಿಯಲ್ಲೂ ಕಾಣುವಂಥದ್ದೇ. ಯುರೋಪ್, ಏಷ್ಯಾಗಳಿಂದ ಆಫ್ರಿಕಾಕ್ಕೆ ಹೋಗಿಬರುವ ಹಕ್ಕಿಗಳ ದಾರಿಯಲ್ಲಿ ಕುವೈತ್ ಇದೆ. ಆದ್ದರಿಂದಲೇ ಇಷ್ಟು ಚಿಕ್ಕ ದೇಶದಲ್ಲಿ 400ಕ್ಕೂ ಹೆಚ್ಚು ಜಾತಿಗಳು ದಾಖಲಾಗಿವೆ. ವಸಂತದಲ್ಲೊಮ್ಮೆ, ಬೇಸಿಗೆ ಇಳಿಯುವಾಗೊಮ್ಮೆ ಕಳ್ಳಿಪೀರಗಳು ಕೂಗುತ್ತಾ ಸಾಗುತ್ತವೆ. ಅರಬರು ಹುದ್‌ಹುದ್ ಎನ್ನುವ ಚಂದ್ರಮುಕುಟ ಹುಲ್ಲುಹಾಸಿಗೆ ಇಳಿಯುತ್ತದೆ.

ಒಂದು ಎಚ್ಚರಿಕೆ: ದುರ್ಬೀನನ್ನು ಮನೆಗಳ ಕಡೆಗಾಗಲಿ, ಸರ್ಕಾರಿ ಕಟ್ಟಡಗಳ ಕಡೆಗಾಗಲಿ ಎತ್ತಬಾರದು. ನಮ್ಮದು ಕಡಲು ಕಾಣುವವರೆಗೂ ಚೀಲದಲ್ಲೇ ಇರುತ್ತದೆ.

ಕಳೆದ ವರ್ಷ ಲೆಕ್ಕದವರಿಗೆ ಕೆಲಸ ಹೋಯಿತು. ಹೊರಡುವ ಹಿಂದಿನ ಶುಕ್ರವಾರವೂ ನಮ್ಮೊಡನೆ ಬಂದರು. ಎಂದಿನಂತೆ ಹೆಸರುಗಳನ್ನು ಬರೆದು, ಪುಸ್ತಕವನ್ನು ಮೆಕ್ಯಾನಿಕ್ಕನ ಕೈಗಿತ್ತು, "ವಾರ ತಪ್ಪಿಸಬೇಡಿ" ಎಂದರು. ಮುಂದಿನ ಎರಡು ವಾರ ನಮಗೆ ಏಳಲು ಮನಸ್ಸೇ ಬರಲಿಲ್ಲ. ಮೂರನೆಯ ಶುಕ್ರವಾರ ಕುಂದಾಪುರದಿಂದ ಅವರದೇ ಫೋನು: "ಚಂದ್ರಮುಕುಟ ಬಂತಾ ಮಾರಾಯ್ರೆ?" ನೋಡಿಲ್ಲ ಎನ್ನಲು ನಾಚಿಕೆಯಾಗಿ ಆಗಲೇ ಚಪ್ಪಲಿ ಮೆಟ್ಟಿದೆವು. ಈಗ ಮೂವರೇ ಹೋಗುತ್ತೇವೆ. ಲೆಕ್ಕ ಮಾತ್ರ ನಾಲ್ವರಿಗೂ ಮುಟ್ಟುತ್ತದೆ.

ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆ. ಆ ಬಿಸಿಲು ಎಂಥದ್ದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಒಂದೇ ಕೋರಿಕೆ: ನಿಮ್ಮ ಬಿಡಾರದ ನೆರಳಿನಲ್ಲೂ ಒಂದು ಬಟ್ಟಲು ನೀರಿಡಿ. ಯಾರು ಬಂದು ಕುಡಿದರೆಂದು ಶುಕ್ರವಾರ ನೋಡಿ.