ಗಣಿನೀರಿನ ಲೋಹ ಮತ್ತು ಬ್ಯಾಕ್ಟೀರಿಯಾಗಳು

ಗುಜರಾತಿನ ಬನಾಸಕಾಂಠಾ ಜಿಲ್ಲೆಯ ಅಂಬಾಜಿ ಯಾತ್ರಾಸ್ಥಳವೆಂದೇ ಪ್ರಸಿದ್ಧವಾಗಿದೆ. ಅದರ ಸಮೀಪದ ಬೆಟ್ಟಗಳಲ್ಲಿ ತಾಮ್ರ, ಸೀಸ ಮತ್ತು ಸತುಗಳು ಒಂದೇ ಅದಿರಿನಲ್ಲಿ ಬೆರೆತಿವೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಇವುಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಬ್ಯಾಕ್ಟೀರಿಯಾಗಳ ನೆರವಿನಿಂದ ಈ ಅದಿರಿನ ಲೋಹಗಳನ್ನು ಕರಗಿಸುವ ಬಗೆಯನ್ನು ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದಲ್ಲಿ ಅಭ್ಯಸಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ಅವರು ಹಟ್ಟಿಯ ಚಿನ್ನದ ಅದಿರೂ ಸೇರಿದಂತೆ ಹಲವು ಖನಿಜಗಳ ಮೇಲೆ ಇಂತಹುದೇ ಸಂಶೋಧನೆಯನ್ನು ದೀರ್ಘಕಾಲ ನಡೆಸಿದರು.

ಅದಿರನ್ನು ಕರಗಿಸುವ ಈ ಜೀವಿಗಳೇ ಗಣಿನೀರನ್ನು ಕೆಡಿಸುವುವೂ ಹೌದು. ಅಗೆದ ಬಂಡೆಯಲ್ಲಿರುವ ಪೈರೈಟು, ಅಂದರೆ ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತವು, ಗಾಳಿ ಹಾಗೂ ನೀರಿನ ಸಂಪರ್ಕದಿಂದ ಗಂಧಕಾಮ್ಲವನ್ನು ಉಂಟುಮಾಡುತ್ತದೆ. ಮಂದಗತಿಯ ಈ ಕ್ರಿಯೆಯನ್ನು ಬ್ಯಾಕ್ಟೀರಿಯಾಗಳು ಬಹುಪಾಲು ತೀವ್ರಗೊಳಿಸುತ್ತವೆ. ಇಂತಹ ಒಂದು ಜೀವಿಯನ್ನು 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳ ಆಮ್ಲಜಲದಲ್ಲಿ ಮೊದಲು ಗುರುತಿಸಲಾಯಿತು. ಆಮ್ಲವು ಬಂಡೆಯ ತಾಮ್ರ, ಸತುಗಳನ್ನು ಕರಗಿಸಿಕೊಂಡು ಹಳ್ಳ ಸೇರುತ್ತದೆ. ಮೀನುಗಳು ಸಾಯುತ್ತವೆ, ಬಾವಿಗಳು ಕೆಡುತ್ತವೆ. ಗಣಿ ಮುಚ್ಚಿದ ಮೇಲೂ ಇದು ದಶಕಗಳ ಕಾಲ ನಿಲ್ಲುವುದಿಲ್ಲ.

ಇಂತಹ ನೀರಿಗೆ ಸುಣ್ಣ ಬೆರೆಸುವುದು ರೂಢಿ. ಆಮ್ಲವೇನೋ ಶಮನವಾಗುತ್ತದೆ, ಆದರೆ ಎಲ್ಲ ಲೋಹಗಳೂ ಒಟ್ಟಾಗಿ ಬಗ್ಗಡವಾಗಿ ತಳಕ್ಕಿಳಿಯುವುದರಿಂದ ಅದನ್ನು ಹೂಳದೆ ಗತ್ಯಂತರವಿಲ್ಲ.

ಇಲ್ಲಿ ನೆರವಿಗೆ ಬರುವುದು ಬೇರೊಂದು ಗುಂಪಿನ ಬ್ಯಾಕ್ಟೀರಿಯಾ. ಕೆರೆಯ ತಳದ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದನ್ನು ವಾಚಕರು ಬಲ್ಲರು. ಗಾಳಿಯಿಲ್ಲದೆಡೆ ಬಾಳುವ ಈ ಜೀವಿಗಳು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತವೆ. ಆ ವಾಸನೆ ಅದರದೇ. ಈ ಅನಿಲವು ಕರಗಿದ ಲೋಹದೊಡನೆ ಕೂಡಿದಾಗ ಲೋಹವು ಸಲ್ಫೈಡಾಗಿ ತಳಕ್ಕೆ ಕೂರುತ್ತದೆ. ವಿಶೇಷವೆಂದರೆ ತಾಮ್ರವು ತೀವ್ರ ಆಮ್ಲದಲ್ಲಿಯೂ ಕೂರುತ್ತದೆ. ಸತುವಿಗೆ ಆಮ್ಲವು ಕೊಂಚ ತಗ್ಗಬೇಕು. ಕಬ್ಬಿಣಕ್ಕೆ ಇನ್ನೂ ತಗ್ಗಬೇಕು. ಆದುದರಿಂದ ಆಮ್ಲತೆಯನ್ನು ಹಂತಹಂತವಾಗಿ ಹೊಂದಿಸಿ ಒಂದೊಂದು ಲೋಹವನ್ನು ಪ್ರತ್ಯೇಕವಾಗಿ ಪಡೆಯಬಹುದು. ನೆದರ್‌ಲ್ಯಾಂಡ್ಸ್‌ನ ಬುಡೆಲ್ ಸತು ಕಾರ್ಖಾನೆಯಲ್ಲಿ, ಕಲುಷಿತಗೊಂಡ ಅಂತರ್ಜಲವನ್ನು 1992ರಿಂದ ಈ ವಿಧಾನದಲ್ಲಿ ಶುದ್ಧೀಕರಿಸಿ, ದೊರೆತ ಸತುವಿನ ಸಲ್ಫೈಡನ್ನು ಕುಲುಮೆಗೇ ಹಿಂದಿರುಗಿಸಲಾಯಿತು.

ಈ ಅನಿಲವು ಮಾರಕವಾದುದು. ತೊಟ್ಟಿಗಳು ಭದ್ರವಾಗಿ ಮುಚ್ಚಿರಬೇಕು. ಅನಿಲವನ್ನು ಅಗತ್ಯವಿದ್ದಷ್ಟೇ ಉತ್ಪಾದಿಸಬೇಕು. ರಾಸಾಯನಿಕಗಳನ್ನು ಎಲ್ಲೆಂದರಲ್ಲಿ ಬೆರೆಯಗೊಟ್ಟರೆ ಆಗುವ ಅನಾಹುತಕ್ಕೆ ಸೂರತ್ ಬಳಿಯ ಸಚಿನ್ ಕೈಗಾರಿಕಾ ವಸಾಹತು ಸಾಕ್ಷಿಯಾಗಿದೆ. ಅಲ್ಲಿ 2022ರ ಜನವರಿ 6ರ ನಸುಕಿನಲ್ಲಿ ಟ್ಯಾಂಕರೊಂದರ ರಾಸಾಯನಿಕವನ್ನು ಚರಂಡಿಗೆ ಬಿಟ್ಟಾಗ ವಿಷಾನಿಲವೆದ್ದು, ಸಮೀಪದ ಬಟ್ಟೆ ಗಿರಣಿಯ ಕಾರ್ಮಿಕರೂ ಸೇರಿದಂತೆ 6 ಮಂದಿ ಅಸುನೀಗಿದರು.

ಇನ್ನು ವೆಚ್ಚದ ಮಾತು. ಬ್ಯಾಕ್ಟೀರಿಯಾಗಳಿಗೆ ಕಾಕಂಬಿ, ಮದ್ಯಸಾರ, ಸಗಣಿ ಮೊದಲಾದ ಆಹಾರವನ್ನು ನಿರಂತರ ಒದಗಿಸಬೇಕು. ತಾಮ್ರ, ಸತುಗಳು ಹೇರಳವಾಗಿರುವ ನೀರಿನಲ್ಲಿ ಲೋಹದ ಬೆಲೆಯಿಂದ ಖರ್ಚಿನ ಒಂದು ಭಾಗವಾದರೂ ಹಿಂದಿರುಗೀತು. ಕೇವಲ ಕಬ್ಬಿಣವಿರುವ ನೀರಿಗೆ ಸುಣ್ಣವೇ ಅಗ್ಗ.