ಕಲ್ಲಿದ್ದಲಿನ ಹಣ, ಸೂರ್ಯನ ವಿದ್ಯುತ್ತು: ಯಾರಿಗೆ, ಎಷ್ಟು ನೆರವು?

ಕಲ್ಲಿದ್ದಲು ಬಳಸುವವರಿಂದ ಹಣ ಪಡೆದು ಶುದ್ಧ ಶಕ್ತಿಯ ಮೂಲಗಳಿಗೆ ಕೊಡುವುದು - 2010ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಶುದ್ಧ ಇಂಧನ ನಿಧಿಯ ಉದ್ದೇಶ ಇದು. ಪ್ರತಿ ಟನ್ ಕಲ್ಲಿದ್ದಲಿನ ಮೇಲೆ 50 ರೂಪಾಯಿ ಇದ್ದ ಉಪಕರ 2016ರಲ್ಲಿ 400 ರೂಪಾಯಿಗೆ ಏರಿತು. ಹೀಗೆ ಬಂದ ಹಣವನ್ನು ಯಾವ ಯೋಜನೆಗೆ ಕೊಡಬೇಕು?

ಮೊದಲ ಜರಡಿ ಆಡಳಿತದ್ದು. ಸಚಿವಾಲಯವೊಂದರ ಬೆಂಬಲದೊಡನೆ ಬಂದ ಯೋಜನೆಯನ್ನು ಹಲವು ಸಚಿವಾಲಯಗಳ ಅಧಿಕಾರಿಗಳ ತಂಡ ಪರಿಶೀಲಿಸುತ್ತಿತ್ತು. ನೆರವು ಒಟ್ಟು ವೆಚ್ಚದ ಶೇ. 40ನ್ನು ಮೀರುವಂತಿರಲಿಲ್ಲ. ಆದರೆ ಅರ್ಜಿದಾರ ವೆಚ್ಚವನ್ನು ಹಿಗ್ಗಿಸಿ ಬರೆದರೆ ತಂಡಕ್ಕೆ ತಿಳಿಯುವುದು ಹೇಗೆ?

ಇದಕ್ಕೆ ಒಂದು ಉತ್ತರ 2013ರ ಸೌರ ಯೋಜನೆಯಲ್ಲಿದೆ. 750 ಮೆಗಾವಾಟ್ ಸ್ಥಾವರಗಳಿಗೆ ಈ ನಿಧಿಯಿಂದ 1,875 ಕೋಟಿ ರೂಪಾಯಿ ಮೀಸಲಿಡಲಾಯಿತು. ವಿದ್ಯುತ್ತಿನ ದರ ಯೂನಿಟ್ಟಿಗೆ 5.45 ರೂಪಾಯಿ ಎಂದು ಮೊದಲೇ ನಿಗದಿಯಾಗಿತ್ತು. ಆ ದರದಲ್ಲಿ ಕೊರತೆ ಬೀಳುವುದೇಕೆ? ಒಂದು ಮೆಗಾವಾಟ್ ಸ್ಥಾವರದ ವೆಚ್ಚ 8 ಕೋಟಿ, ಬಡ್ಡಿ ಶೇ. 12 ಎಂದು ಭಾವಿಸೋಣ. ಪೂರ್ಣ ಸಾಮರ್ಥ್ಯದ ಶೇ. 19ರಷ್ಟು ದುಡಿದರೆ ಸ್ಥಾವರ ವರ್ಷಕ್ಕೆ

1000 x 8760 x 0.19 = ಸುಮಾರು 16.6 ಲಕ್ಷ ಯೂನಿಟ್

ಉತ್ಪಾದಿಸುತ್ತದೆ, ಆದಾಯ ಸುಮಾರು 90 ಲಕ್ಷ. ಹಣವೆಲ್ಲ ಸಾಲದ್ದಾದರೆ ಬಡ್ಡಿಯೇ 96 ಲಕ್ಷ! ನಿಧಿ 2 ಕೋಟಿ ಕೊಟ್ಟರೆ ಬಡ್ಡಿ 72 ಲಕ್ಷಕ್ಕೆ ಇಳಿದು ಲೆಕ್ಕ ಉಸಿರಾಡುತ್ತದೆ. ಈ ಅಂತರ ತುಂಬುವ ನೆರವಿಗೆ ಹರಾಜು ನಡೆಯಿತು. ಮೆಗಾವಾಟಿಗೆ ಗರಿಷ್ಠ 2.5 ಕೋಟಿ ಅಥವಾ ವೆಚ್ಚದ ಶೇ. 30, ಇವುಗಳಲ್ಲಿ ಕಡಿಮೆಯಾದುದು ಮಿತಿ. ಅದರೊಳಗೆ ಅತಿ ಕಡಿಮೆ ಕೇಳಿದವರಿಗೆ ಆದ್ಯತೆ. ಹಿಗ್ಗಿಸಿ ಕೇಳಿದವನು ತಾನಾಗಿಯೇ ಹೊರಬೀಳುತ್ತಾನೆ.

ಕಡಿಮೆ ಕೇಳಿ ಗೆದ್ದವನು ಕಳಪೆ ಫಲಕ ಹಾಕಿದರೆ? ನನಗೆ ಅತ್ಯಂತ ಮೆಚ್ಚುಗೆಯಾದ ನಿಯಮ ಇಲ್ಲಿದೆ. ಸ್ಥಾವರ ಚಾಲೂ ಆದಾಗ ಅರ್ಧ ನೆರವು ಮಾತ್ರ. ಉಳಿದದ್ದು ವರ್ಷಕ್ಕೆ ಶೇ. 10ರಂತೆ ಐದು ವರ್ಷ, ಅದೂ ಗೊತ್ತುಪಡಿಸಿದಷ್ಟು ವಿದ್ಯುತ್ತು ಬಂದರೆ. ಫಲಕದ ಮೇಲೆ ಧೂಳು ಕುಳಿತರೂ ಅದು ಮಾಲೀಕನ ಚಿಂತೆಯಾಗುತ್ತದೆ.

ಆದರೆ ಹರಾಜು ರೂಪಾಯಿಯನ್ನಷ್ಟೇ ಅಳೆಯುತ್ತದೆ. ಆದ್ದರಿಂದ 375 ಮೆಗಾವಾಟನ್ನು ದೇಶೀಯ ಕೋಶ, ಫಲಕಗಳಿಗೆ ಮೀಸಲಿಡಬೇಕಾಯಿತು. ಆ ಗುಂಪಿನವರು ಕೇಳಿದ ನೆರವೂ ಹೆಚ್ಚೇ. ಇಂತಹ ದೇಶೀಯ ಷರತ್ತಿನ ವಿರುದ್ಧ ಅಮೆರಿಕ ಹೂಡಿದ ವ್ಯಾಜ್ಯದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ 2016ರಲ್ಲಿ ಭಾರತಕ್ಕೆ ಪ್ರತಿಕೂಲವಾಗಿ ತೀರ್ಪಿತ್ತಿತು.

ಇಷ್ಟು ಜಾಣತನದಿಂದ ಹಂಚಬಹುದಾಗಿದ್ದ ಹಣದ ಗತಿಯೇನಾಯಿತು? 2010-11ರಿಂದ 2017-18ರವರೆಗಿನ ಲೆಕ್ಕದಲ್ಲಿ ಉಪಕರದಿಂದ ಬಂದದ್ದು ಸುಮಾರು 86,440 ಕೋಟಿ. ನಿಧಿಗೆ ವರ್ಗವಾದದ್ದು 29,645 ಕೋಟಿ. ಯೋಜನೆಗಳಿಗೆ ಸಂದದ್ದು 15,911 ಕೋಟಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಈ ಉಪಕರವೇ ರದ್ದಾಗಿ, ಟನ್ನಿನ ಮೇಲಿನ 400 ರೂಪಾಯಿ ರಾಜ್ಯಗಳ ತೆರಿಗೆ ನಷ್ಟ ತುಂಬುವ ಲೆಕ್ಕಕ್ಕೆ ಹೋಯಿತು.