ಇಲಿಯ ರಕ್ತ ಹೇಳುವ ಸಾಕ್ಷ್ಯ

1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕ ಮೇಲೆ, ನಮ್ಮ ಹಳ್ಳಿಗಳಲ್ಲಿ ಇಲಿ ಬಿದ್ದಿತೆಂದರೆ ಜನರು ಮನೆಗಳನ್ನು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯೇ ಅಂದಿನ ಎಚ್ಚರಿಕೆಯ ಗಂಟೆ.

ಇಲಿ ಸಾಯುವ ಮೊದಲೇ ರೋಗದ ಸುಳಿವನ್ನು ತಿಳಿಯಬಹುದೆ? ತಿಳಿಯಬಹುದು. ರೋಗಾಣು ಹೊಕ್ಕ ದೇಹವು ಅದನ್ನೆದುರಿಸಲು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ರಚಿಸುತ್ತದೆ. ರೋಗಾಣು ಅಳಿದರೂ ಇವು ಕೆಲಕಾಲ ರಕ್ತದಲ್ಲಿ ಉಳಿಯುತ್ತವೆ. ಕ್ಯಾಸಂಬಳ್ಳಿಯನ್ನೊಳಗೊಂಡ ಕೋಲಾರ ಜಿಲ್ಲೆಯಲ್ಲಿ ಬೆಂಗಳೂರಿನ ಪ್ಲೇಗು ಸರ್ವೇಕ್ಷಣ ಘಟಕವು ಇಲಿ, ಹೆಗ್ಗಣಗಳನ್ನು ಹಿಡಿದು ಅರಸಿರುವುದು ಇವನ್ನೇ.

ಪರೀಕ್ಷೆ ಸರಳವಾದುದು. ಪ್ಲೇಗು ರೋಗಾಣುವಿನ ಪ್ರೋಟೀನನ್ನು ಲೇಪಿಸಿದ ಕೆಂಪು ರಕ್ತಕಣಗಳನ್ನು ಇಲಿಯ ರಕ್ತರಸದೊಡನೆ ಪುಟ್ಟ ಗುಳಿಯಲ್ಲಿ ಬೆರೆಸುತ್ತಾರೆ. ಪ್ರತಿಕಾಯಗಳಿಲ್ಲದಿದ್ದರೆ ಕಣಗಳು ಗುರುತ್ವದಿಂದ ಜಾರಿ, ತಳದಲ್ಲಿ ಗುಂಡಿಯಂತೆ ಒಟ್ಟುಗೂಡುತ್ತವೆ. ಇದ್ದರೆ, ಒಂದನ್ನೊಂದು ಹಿಡಿದುಕೊಂಡು ಚಾಪೆಯಂತೆ ಹರಡಿ ನಿಲ್ಲುತ್ತವೆ.

ಕೊರೋನಾ ವೈರಸ್ಸಿನ ವಿಷಯದಲ್ಲಿಯೂ ಪ್ರತಿಕಾಯಗಳ ಶೋಧ ನಡೆದಿದೆ. 2021ರ ಶರತ್ಕಾಲದಲ್ಲಿ ನ್ಯೂಯಾರ್ಕ್ ನಗರದಲ್ಲಿ ಹಿಡಿದ 79 ಇಲಿಗಳ ಪೈಕಿ 13ರಲ್ಲಿ ಅವು ಕಂಡುಬಂದವು. ಪ್ಲೇಗು ಇಲಿಯಿಂದ ಚಿಗಟದ ಮೂಲಕ ಮನುಷ್ಯನಿಗೆ ಬಂದಿತು. ಇಲ್ಲಿಯಾದರೋ ಮನುಷ್ಯನ ರೋಗವೇ ಇಲಿಯನ್ನು ಮುಟ್ಟಿರಬೇಕು! ಪ್ರತಿಕಾಯವು ಹಿಂದಿನ ಸೋಂಕಿನ ಗುರುತೇ ಹೊರತು, ಇಲಿಯು ಇಂದು ರೋಗ ಹರಡುತ್ತಿದೆಯೆಂಬುದಕ್ಕೆ ಪ್ರಮಾಣವಲ್ಲ. ಆದರೆ ವೈರಸ್ಸು ಇಲಿಗಳಲ್ಲಿ ನೆಲೆಯೂರಿ, ರೂಪ ಬದಲಿಸಿ ಮರಳುವುದು ಅಸಾಧ್ಯವೆನ್ನಲಾಗದು.

ಆದುದರಿಂದ, ಇಲಿ ಬೀಳುವ ತನಕ ಕಾಯದೆ ಅದರ ರಕ್ತವನ್ನು ಓದುತ್ತಿರುವುದೇ ನಮಗೆ ಕ್ಷೇಮ.